ರ‍್ಯಾಮ್ ಕೊಳ್ಳುವ ಮುನ್ನ ಲೆಕ್ಕ ನೋಡಿ

ಬೆಂಗಳೂರಿನ ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳ ಮುಂದೆ ಲ್ಯಾಪ್‌ಟಾಪ್ ಬ್ಯಾಗು ಹಿಡಿದು ನಿಂತವರ ದೂರು ಹೆಚ್ಚಾಗಿ ಒಂದೇ: ‘ತುಂಬ ಸ್ಲೋ ಆಗಿದೆ, ರ‍್ಯಾಮ್ ಹಾಕಿಸಿದ್ರೆ ಸರಿಹೋಗುತ್ತಾ ಸರ್?’ ಕೌಂಟರಿನ ಆಚೆಯಿಂದ ಮರುಪ್ರಶ್ನೆ ಬರುತ್ತದೆ: ‘ಯಾವ್ದು ಕೊಡ್ಲಿ, ಇಪ್ಪತ್ತಾರು ಅರವತ್ತಾರಾ, ಮೂವತ್ತೆರಡು ನೂರಾ?’ ಗಿರಾಕಿ ಅಲ್ಲಿಗೆ ಸುಮ್ಮನಾಗುತ್ತಾನೆ. ದೊಡ್ಡ ಸಂಖ್ಯೆಯೇ ಒಳ್ಳೆಯದಿರಬೇಕು ಎಂದುಕೊಂಡು ಅದನ್ನೇ ಕೊಡಿ ಎನ್ನುತ್ತಾನೆ.

ಆ ಊಹೆ ಪೂರ್ತಿ ತಪ್ಪಲ್ಲ. ಆದರೆ ಮನೆ, ಕಚೇರಿ, ಡಿಟಿಪಿ ಅಂಗಡಿಗಳಲ್ಲಿರುವ ಹೆಚ್ಚಿನ ಕಂಪ್ಯೂಟರುಗಳಲ್ಲಿ ಆ ದೊಡ್ಡ ಸಂಖ್ಯೆಗೆ ಕೊಟ್ಟ ಹೆಚ್ಚುವರಿ ಹಣಕ್ಕೆ ಪ್ರತಿಫಲ ಸಿಗುವುದು ಅಪರೂಪ. ನಿಧಾನಕ್ಕೆ ಕಾರಣ ಬೇರೆ ಕಡೆ ಇರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರಕ್ಕೆ ಇನ್ನಷ್ಟು ಖರ್ಚು ಮಾಡಬೇಕೋ, ಹೊಸದನ್ನೇ ತರಬೇಕೋ ಎಂಬ ಪ್ರಶ್ನೆ ಎಷ್ಟೋ ಜನರ ಎದುರು ಒಮ್ಮೆಲೇ ಬಂತು. ಅದೇ ತಿಂಗಳುಗಳಲ್ಲಿ ರ‍್ಯಾಮ್ ಬೆಲೆಯೂ ಏರತೊಡಗಿತು. ತಪ್ಪು ಸ್ಟಿಕ್ ಕೊಂಡರೆ ಆಗುವ ನಷ್ಟ ಈಗ ಮೊದಲಿಗಿಂತ ದೊಡ್ಡದು. ಆದ್ದರಿಂದ ಆ ಸಂಖ್ಯೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ತಿಳಿದುಕೊಂಡೇ ಜೇಬಿಗೆ ಕೈಹಾಕುವುದು ಒಳ್ಳೆಯದು.

ಸ್ಟಿಕ್ಕಿನ ಮೇಲೆ ಅಂಟಿಸಿದ ಚೀಟಿಯಿಂದಲೇ ಶುರುಮಾಡಬಹುದು. ಲ್ಯಾಪ್‌ಟಾಪಿನ ಸಾಧಾರಣ ಸ್ಟಿಕ್ಕೊಂದರ ಚೀಟಿಯಲ್ಲಿ ‘8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ’ ಎಂಬಂಥ ಒಂದು ಸಾಲು ಇರುತ್ತದೆ. ಮೊದಲನೆಯದು ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ. ಎರಡನೆಯದು ಒಳಗೆ ಚಿಪ್‌ಗಳನ್ನು ಜೋಡಿಸಿರುವ ಕ್ರಮ. ‘ಪಿಸಿ4’ ಎಂದರೆ ಡಿಡಿಆರ್ ಪೀಳಿಗೆಯಲ್ಲಿ ನಾಲ್ಕನೆಯದು. 3200 ಎಂದರೆ ಸೆಕೆಂಡಿಗೆ 3200 ಮೆಗಾಟ್ರಾನ್ಸ್‌ಫರ್, ಅಂದರೆ 320 ಕೋಟಿ ಬಾರಿ ಮಾಹಿತಿ ದಾಟಿಸುವ ಸಾಮರ್ಥ್ಯ. ಕೊನೆಯ ‘ಎಎ’ ಎಂಬ ಎರಡು ಅಕ್ಷರಗಳನ್ನು ಯಾರೂ ಗಮನಿಸುವುದಿಲ್ಲ. ಕುತೂಹಲದ ಸಂಗತಿ ಇರುವುದು ಅಲ್ಲೇ. ಅದಕ್ಕೆ ಮುಂದೆ ಬರೋಣ.

ಜಾಹೀರಾತುಗಳು 3200 ಮೆಗಾಹರ್ಟ್ಸ್ ಎನ್ನುತ್ತವೆ. ಅದು ಸಡಿಲ ಮಾತು. ಈ ಸ್ಟಿಕ್ಕಿನ ಗಡಿಯಾರ ಮಿಡಿಯುವುದು 1600 ಮೆಗಾಹರ್ಟ್ಸ್‌ನಲ್ಲಿ. ಪ್ರತಿ ಮಿಡಿತದ ಏರಿನಲ್ಲೊಮ್ಮೆ, ಇಳಿತದಲ್ಲೊಮ್ಮೆ ಮಾಹಿತಿ ಹೊರಡುವುದರಿಂದ ಎಣಿಕೆ ಇಮ್ಮಡಿಯಾಗುತ್ತದೆ. ಡಿಡಿಆರ್ ಎಂಬ ಹೆಸರು ಬಂದದ್ದೂ ಈ ಇಮ್ಮಡಿಯಿಂದಲೇ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದವರು 1600 ಎಂದು ಕಂಡು, ಅಂಗಡಿಯವನು ಮೋಸ ಮಾಡಿದ ಎಂದು ಸಿಟ್ಟಾಗುವುದುಂಟು. ಮೋಸ ಆಗಿರುವುದಿಲ್ಲ. ವಿಂಡೋಸ್ 11ರ ಟಾಸ್ಕ್ ಮ್ಯಾನೇಜರ್ ಕೂಡ ಇತ್ತೀಚಿನ ಆವೃತ್ತಿಗಳಲ್ಲಿ ಮೆಗಾಹರ್ಟ್ಸ್ ಬಿಟ್ಟು ಮೆಗಾಟ್ರಾನ್ಸ್‌ಫರ್ ಎಂದೇ ತೋರಿಸುತ್ತಿದೆ.

ಒಂದೊಂದು ಸಲಕ್ಕೆ ಎಂಟು ಬೈಟ್ ದಾಟುತ್ತವೆ. 3200ನ್ನು ಎಂಟರಿಂದ ಗುಣಿಸಿದರೆ 25,600. ಅಂದರೆ ಸೆಕೆಂಡಿಗೆ 25.6 ಜಿಬಿ. ಕೆಲವು ಕಂಪನಿಗಳು ಪಿಸಿ4-25600 ಎಂದು ಮುದ್ರಿಸುವುದು ಇದೇ ಸ್ಟಿಕ್ಕನ್ನು. ಜೆಡೆಕ್ ಎಂಬ ಮಾನಕ ಸಂಸ್ಥೆ ಡಿಡಿಆರ್ ನಿಯಮಗಳನ್ನು ಮೊದಲು ಪ್ರಕಟಿಸಿದ್ದು 2000ದಲ್ಲಿ. ಡಿಡಿಆರ್3 ಬಂದದ್ದು 2007ರಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ. ಡಿಡಿಆರ್3-1600 ಸೆಕೆಂಡಿಗೆ 12.8 ಜಿಬಿ ಸಾಗಿಸುತ್ತಿತ್ತು, ಡಿಡಿಆರ್5-5600 ಸಾಗಿಸುವುದು 44.8 ಜಿಬಿ. ಸಾಗಣೆಯ ವೇಗ ಪೀಳಿಗೆಯಿಂದ ಪೀಳಿಗೆಗೆ ಹೀಗೆ ನಿಜವಾಗಿಯೂ ಏರಿದೆ. ಅದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಆದರೆ ಕೇಳಿದ ಮಾಹಿತಿಯ ಮೊದಲ ತುಣುಕು ಕೈಗೆ ಬರಲು ಎಷ್ಟು ಹೊತ್ತು ಕಾಯಬೇಕು? ಚೀಟಿಯ ಕೊನೆಯ ಅಕ್ಷರಗಳು ಹೇಳುವುದು ಇದನ್ನು. ‘ಎಎ’ ಎಂದರೆ ಈ ಸ್ಟಿಕ್ಕಿನ ಸಿಎಲ್, ಎಂದರೆ ಕಾಯುವ ಮಿಡಿತಗಳ ಸಂಖ್ಯೆ, 22. ಒಂದು ಮಿಡಿತಕ್ಕೆ 0.625 ನ್ಯಾನೊಸೆಕೆಂಡ್ ಹಿಡಿಯುವುದರಿಂದ ಒಟ್ಟು ಕಾಯುವಿಕೆ 13.75 ನ್ಯಾನೊಸೆಕೆಂಡ್. ಅದಕ್ಕಿಂತ ಹಿಂದಿನ ‘2400ಟಿ’ ಸ್ಟಿಕ್ಕಿನಲ್ಲಿ ಸಿಎಲ್ 17. ಮಿಡಿತ ನಿಧಾನ, ಆದರೆ ಕಾಯುವ ಮಿಡಿತಗಳೂ ಕಡಿಮೆ. ಲೆಕ್ಕ ಹಾಕಿದರೆ ಸುಮಾರು 14.2 ನ್ಯಾನೊಸೆಕೆಂಡ್. ‘2666ವಿ’ಯಲ್ಲಿ ಸಿಎಲ್ 19, ಮತ್ತೆ ಸುಮಾರು 14.25. ಡಿಡಿಆರ್3-1600, ಸಿಎಲ್ 11: ಸರಿಯಾಗಿ 13.75. ಇನ್ನೂ ಹಿಂದೆ ಹೋಗಿ ಈ ಶತಮಾನದ ಆರಂಭದ ಡಿಡಿಆರ್-400 ಸ್ಟಿಕ್ಕನ್ನು ಸಿಎಲ್ 3ರಲ್ಲಿ ನೋಡಿದರೆ 15. ಇಂದಿನ ಲ್ಯಾಪ್‌ಟಾಪಿನ ಡಿಡಿಆರ್5-5600 ಸ್ಟಿಕ್, ಸಿಎಲ್ 46: ಸುಮಾರು 16.4!

ಇಪ್ಪತ್ತು ವರ್ಷಗಳಲ್ಲಿ ಸಾಗಣೆಯ ವೇಗ ಹದಿನಾಲ್ಕು ಪಟ್ಟು ಹೆಚ್ಚಾದರೂ ಕಾಯುವ ಹೊತ್ತು ಇದ್ದಲ್ಲೇ ಇದೆ. ಅಡಿಕೆ ತೋಟಕ್ಕೆ ನೀರು ಹಾಯಿಸುವವರಿಗೆ ಈ ವ್ಯತ್ಯಾಸ ಕೂಡಲೇ ಅರ್ಥವಾದೀತು: ಪೈಪನ್ನು ಎಷ್ಟೇ ದಪ್ಪ ಮಾಡಿದರೂ ಮೋಟರು ಹಾಕಿದ ಮೇಲೆ ತೋಟದ ಕೊನೆಗೆ ಮೊದಲ ಹನಿ ಬರಲು ಹಿಡಿಯುವ ಹೊತ್ತು ಕಡಿಮೆಯಾಗುವುದಿಲ್ಲ. ಒಂದೇ ಸಮನೆ ತುಂಬ ನೀರು ಬೇಕಾದಾಗ ದಪ್ಪ ಪೈಪು ಉಪಯೋಗಕ್ಕೆ ಬರುತ್ತದೆ. ಅಲ್ಲೊಂದು ಇಲ್ಲೊಂದು ಗಿಡಕ್ಕೆ ಒಂದೊಂದು ಚೊಂಬು ಹಾಕುವಾಗ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಕಾಯುವ ಹೊತ್ತು ಏಕೆ ಇಳಿಯುತ್ತಿಲ್ಲ ಎಂಬುದಕ್ಕೆ ಉತ್ತರ ರ‍್ಯಾಮ್ ಹುಟ್ಟಿದ ಬಗೆಯಲ್ಲೇ ಇದೆ. ಐಬಿಎಂ ಕಂಪನಿಯ ಎಂಜಿನಿಯರ್ ರಾಬರ್ಟ್ ಡೆನಾರ್ಡ್ 1966ರಲ್ಲಿ ಒಂದು ಸರಳ ಉಪಾಯ ಹುಡುಕಿದರು: ಒಂದು ಬಿಟ್ ಇಡಲು ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಸಾಕು. ಕೆಪಾಸಿಟರಿನಲ್ಲಿ ವಿದ್ಯುದಾವೇಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 1968ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 2024ರಲ್ಲಿ ಡೆನಾರ್ಡ್ ತೀರಿಕೊಂಡರು. ಅಷ್ಟು ಹೊತ್ತಿಗೆ ಜಗತ್ತಿನ ಪ್ರತಿ ಫೋನು, ಪ್ರತಿ ಕಂಪ್ಯೂಟರಿನೊಳಗೆ ಅವರ ಉಪಾಯ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಕೆಲಸ ಮಾಡುತ್ತಿತ್ತು. ಇಷ್ಟು ದೊಡ್ಡ ಉಪಕಾರ ಮಾಡಿದ ಮನುಷ್ಯನ ಹೆಸರು ಪಠ್ಯಪುಸ್ತಕಗಳ ಆಚೆಗೂ ಪರಿಚಿತವಾಗಬೇಕಿತ್ತು.

ಒಂದು ಬಿಟ್ ಹಿಡಿದಿಡುವ ಆ ಕೋಶ ಅಗ್ಗ, ಚಿಕ್ಕದು, ಆದರೆ ಸೋರುತ್ತದೆ. ಕೆಪಾಸಿಟರಿನ ಆವೇಶ ತಾನಾಗಿಯೇ ಕರಗುವುದರಿಂದ ಡಿಡಿಆರ್4ನಲ್ಲಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಬೇಕು. ಕಂಪ್ಯೂಟರ್ ಓಡುತ್ತಿರುವಷ್ಟು ಹೊತ್ತೂ ಈ ಮರುಭರ್ತಿ ನಡೆದೇ ಇರುತ್ತದೆ. ಓದುವುದೂ ನಾಜೂಕಿನ ಕೆಲಸ. ಒಂದು ಸಾಲಿನ ಸಾವಿರಾರು ಕೋಶಗಳನ್ನು ಒಟ್ಟಿಗೆ ತೆರೆದು, ಪ್ರತಿಯೊಂದರಿಂದ ಉದ್ದ ತಂತಿಗೆ ಸೋರುವ ಅತ್ಯಲ್ಪ ಆವೇಶವನ್ನು ಗುರುತಿಸಿ, ಅದನ್ನು ಹಿಗ್ಗಿಸಿ, ಖಾಲಿಯಾದ ಕೋಶಗಳಿಗೆ ಹಿಂದಿರುಗಿಸಬೇಕು. ಈ ಭೌತಿಕ ಕ್ರಿಯೆಯನ್ನು ಅವಸರಿಸಲು ಬರುವುದಿಲ್ಲ. ಹೀಗಾಗಿ ಎಂಜಿನಿಯರುಗಳು ಬೇರೆ ದಾರಿ ಹಿಡಿದರು: ಸಾಲು ಹೇಗೂ ತೆರೆದಿದೆಯಲ್ಲ, ಒಂದೇ ಸಲಕ್ಕೆ ಹೆಚ್ಚು ಎತ್ತಿಕೊಂಡು ಬರೋಣ. ಮೊದಲ ಡಿಡಿಆರ್ ಒಂದು ಸಲಕ್ಕೆ ಎರಡು ಕಂತು ಎತ್ತಿತು, ಡಿಡಿಆರ್2 ನಾಲ್ಕು, ಡಿಡಿಆರ್3 ಮತ್ತು 4 ಎಂಟು, ಡಿಡಿಆರ್5 ಹದಿನಾರು. ಚೀಟಿಯ ದೊಡ್ಡ ಸಂಖ್ಯೆ ಬೆಳೆದದ್ದು ಮುಖ್ಯವಾಗಿ ಈ ದಾರಿಯಲ್ಲಿ.

ಪ್ರೊಸೆಸರುಗಳ ವೇಗ ಮಾತ್ರ ಇದಕ್ಕೆ ಕಾಯಲಿಲ್ಲ. ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ಈ ಕಂದಕ ಒಂದು ದಿನ ಗೋಡೆಯಾಗಿ ಎದುರಾಗುತ್ತದೆ ಎಂದು ವರ್ಜೀನಿಯಾ ವಿಶ್ವವಿದ್ಯಾಲಯದ ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕ್ಕೀ 1995ರಲ್ಲೇ ಎಚ್ಚರಿಸಿದ್ದರು. ಆ ಗೋಡೆಯನ್ನು ಸುತ್ತಿಬಳಸಿ ಹೋಗಲು ಪ್ರೊಸೆಸರಿನೊಳಗೇ ಇಟ್ಟ ಚಿಕ್ಕ, ಚುರುಕಾದ ಸಂಗ್ರಹವೇ ಕ್ಯಾಶ್ ಮೆಮೊರಿ. ಮೊದಲ ಹಂತದ ಕ್ಯಾಶ್‌ನಿಂದ ಮಾಹಿತಿ ಸುಮಾರು ಒಂದು ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. ರ‍್ಯಾಮ್‌ವರೆಗೆ ಹೋಗಿ ಬರಲು, ದಾರಿಯ ಎಲ್ಲ ಹಂತಗಳೂ ಸೇರಿ, ಸಾಮಾನ್ಯವಾಗಿ 70ರಿಂದ 100 ನ್ಯಾನೊಸೆಕೆಂಡ್. ಪ್ರೊಸೆಸರಿಗೆ ಬೇಕಾದದ್ದರಲ್ಲಿ ಬಹುಪಾಲು ಕ್ಯಾಶ್‌ನಲ್ಲೇ ಸಿಗುತ್ತದೆ. ಆದ್ದರಿಂದಲೇ ರ‍್ಯಾಮ್‌ನ ವೇಗ ಹೆಚ್ಚಿಸಿದಾಗ ದಿನನಿತ್ಯದ ಕೆಲಸದಲ್ಲಿ ಅದು ಗಮನಕ್ಕೇ ಬರುವುದಿಲ್ಲ. ಎಎಂಡಿ ಕಂಪನಿ 2022ರಲ್ಲಿ ಬಿಟ್ಟ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ 96 ಎಂಬಿಯಷ್ಟು ದೊಡ್ಡ ಮೂರನೇ ಹಂತದ ಕ್ಯಾಶ್ ಇದೆ. ಗೇಮ್ ಆಡುವವರು ಅದಕ್ಕೆ ಸಾಧಾರಣ ಡಿಡಿಆರ್4 ಸ್ಟಿಕ್ ಹಾಕಿದರೂ ದುಬಾರಿ ಸ್ಟಿಕ್ ಹಾಕಿದರೂ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಹಳೆಯ ಲ್ಯಾಪ್‌ಟಾಪ್ ತೆವಳುವುದೇಕೆ? ಹೆಚ್ಚಿನ ಸಲ ರ‍್ಯಾಮ್ ತುಂಬಿಹೋಗಿ ಉಳಿದದ್ದು ಡಿಸ್ಕಿಗೆ ಚೆಲ್ಲುವುದರಿಂದ. ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್, ಪಕ್ಕದಲ್ಲಿ ವಾಟ್ಸ್‌ಆ್ಯಪ್, ಒಂದು ದೊಡ್ಡ ಎಕ್ಸೆಲ್ ಕಡತ, ಹಿಂದೆ ಆ್ಯಂಟಿವೈರಸ್. 4 ಜಿಬಿ ಅಲ್ಲಿಗೆ ಮುಗಿಯಿತು. ಜಾಗ ಸಾಲದಾದಾಗ ವಿಂಡೋಸ್ ಸದ್ಯಕ್ಕೆ ಬೇಡದ ಪುಟಗಳನ್ನು ಡಿಸ್ಕಿನ ಮೇಲೆ ಬರೆದಿಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಒಳ್ಳೆಯ ಎಸ್‌ಎಸ್‌ಡಿ ಉತ್ತರ ಕೊಡಲು ಹಿಡಿಯುವುದು 50ರಿಂದ 100 ಮೈಕ್ರೊಸೆಕೆಂಡ್, ಎಂದರೆ ರ‍್ಯಾಮ್‌ಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ತಿರುಗುವ ಹಾರ್ಡ್ ಡಿಸ್ಕ್ ಆದರೆ ಸುಮಾರು ಹತ್ತು ಮಿಲಿಸೆಕೆಂಡ್, ಲಕ್ಷ ಪಟ್ಟು. ನಿಮಿಷಕ್ಕೆ 5400 ಸುತ್ತು ತಿರುಗುವ ಲ್ಯಾಪ್‌ಟಾಪ್ ಡಿಸ್ಕಿನಲ್ಲಿ ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಕಾಯುವುದೇ ಸರಾಸರಿ ಐದೂವರೆ ಮಿಲಿಸೆಕೆಂಡ್. 2666ರ ಬದಲು 3200 ಹಾಕಿ ಅರ್ಧ ನ್ಯಾನೊಸೆಕೆಂಡ್ ಉಳಿಸುವ ಮಾತು ಇದರ ಮುಂದೆ ಎಲ್ಲಿಗೂ ಸಾಲದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಎಂಬುದನ್ನು ಆರಿಸಿ, ದಿನವೂ ಮಾಡುವ ಕೆಲಸಗಳನ್ನೆಲ್ಲ ತೆರೆದಿಟ್ಟುಕೊಂಡು ನೋಡಬೇಕು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ನೋಡಿದರೆ ಏನೂ ತಿಳಿಯುವುದಿಲ್ಲ. ಬಳಕೆ ಶೇ 60, 70 ಇದ್ದರೆ ಗಾಬರಿ ಬೇಡ. ಖಾಲಿ ಇರುವ ಜಾಗವನ್ನು ವಿಂಡೋಸ್ ತಾನೇ ಮುಂದಾಲೋಚನೆಯಿಂದ ತುಂಬಿಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ರ‍್ಯಾಮ್ ‘ಕ್ಲೀನ್’ ಮಾಡುತ್ತೇವೆಂದು ಬರುವ ತಂತ್ರಾಂಶಗಳು ಆ ಒಳ್ಳೆಯ ಕೆಲಸವನ್ನು ಕೆಡಿಸುತ್ತವೆ. ಅವನ್ನು ತೆಗೆದುಹಾಕುವುದೇ ಮೇಲು. ಬಳಕೆ ಶೇ 85, 90ರ ಮೇಲೇ ನಿಂತು, ‘ಕಮಿಟೆಡ್’ ಎಂಬಲ್ಲಿನ ಮೊದಲ ಸಂಖ್ಯೆ ಯಂತ್ರದಲ್ಲಿರುವ ರ‍್ಯಾಮ್‌ಗಿಂತ ಹೆಚ್ಚಾಗಿ, ಅದೇ ಹೊತ್ತಿಗೆ ಡಿಸ್ಕ್ ಶೇ 100 ತೋರಿಸುತ್ತಿದ್ದರೆ ಜಾಗದ ಕೊರತೆ ಖಚಿತ. ರ‍್ಯಾಮ್ ಅರ್ಧ ಖಾಲಿ ಇದ್ದೂ ಡಿಸ್ಕ್ ಶೇ 100ರಲ್ಲಿ ಒದ್ದಾಡುತ್ತಿದ್ದರೆ ಬದಲಿಸಬೇಕಾದದ್ದು ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದವರು ಯಂತ್ರ ಹೊಸದಾದಂತಿದೆ ಎನ್ನುವುದರಲ್ಲಿ ಅತಿಶಯೋಕ್ತಿ ಏನೂ ಇಲ್ಲ.

ಅದೇ ಪುಟದಲ್ಲಿ ಇನ್ನೊಂದು ಸಾಲು ಇದೆ: ‘ಸ್ಲಾಟ್ಸ್ ಯೂಸ್ಡ್’. ಅಲ್ಲಿ ಎರಡರಲ್ಲಿ ಒಂದು ಮಾತ್ರ ಎಂದಿದ್ದರೆ ಖುಷಿಪಡಬಹುದು. ಇಂದಿನ ಸಾಮಾನ್ಯ ಪ್ರೊಸೆಸರುಗಳು ಎರಡು ಚಾನೆಲ್‌ಗಳಲ್ಲಿ ರ‍್ಯಾಮ್ ಜೊತೆ ಮಾತಾಡಬಲ್ಲವು. ಒಂದೇ ಸ್ಟಿಕ್ ಇದ್ದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ. ಅಂಥದೇ ಇನ್ನೊಂದು ಸ್ಟಿಕ್ ಸೇರಿಸಿದರೆ ಜಾಗವೂ ಇಮ್ಮಡಿ, ಸಾಗಣೆಯೂ ಇಮ್ಮಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಿಗೆ ಇದು ದೊಡ್ಡ ಲಾಭ. ಅವುಗಳ ಗ್ರಾಫಿಕ್ಸ್ ಭಾಗ ಇದೇ ರ‍್ಯಾಮನ್ನು ಹಂಚಿಕೊಂಡು ಬದುಕುತ್ತದೆ. ಇಂಟೆಲ್ ಕಂಪನಿ ಇದನ್ನು ಹೆಸರಿನಲ್ಲೇ ತೋರಿಸಿತು: ಹನ್ನೊಂದನೇ ಪೀಳಿಗೆಯ ಐ5, ಐ7 ಲ್ಯಾಪ್‌ಟಾಪುಗಳಲ್ಲಿ ಎರಡು ಚಾನೆಲ್ ತುಂಬಿದ್ದರೆ ಮಾತ್ರ ‘ಐರಿಸ್ ಎಕ್ಸ್‌ಇ’ ಗ್ರಾಫಿಕ್ಸ್ ಎಂದು ಕಾಣಿಸುತ್ತದೆ, ಒಂದೇ ಸ್ಟಿಕ್ ಇದ್ದರೆ ಅದೇ ಚಿಪ್ ‘ಯುಎಚ್‌ಡಿ’ ಎಂಬ ಸಾಮಾನ್ಯ ಹೆಸರಿಗೆ ಇಳಿಯುತ್ತದೆ. ಹಣ ಉಳಿಸಲು ಒಂದೇ ಸ್ಟಿಕ್ ಹಾಕಿ ಮಾರಿದ ಎಷ್ಟೋ ಲ್ಯಾಪ್‌ಟಾಪುಗಳು ಹೀಗೆ ಅರ್ಧ ಶಕ್ತಿಯಲ್ಲಿ ಓಡುತ್ತಿವೆ. ಮಾಲೀಕರಿಗೆ ಇದನ್ನು ಯಾರೂ ಹೇಳಿರುವುದಿಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಒಂದು ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಲೆನೊವೊ ಥಿಂಕ್‌ಪ್ಯಾಡ್ ಟಿ480, 2018ರ ಮಾದರಿ. ಕಂಪನಿಗಳಲ್ಲಿ ದುಡಿದು ನಿವೃತ್ತವಾದ ಈ ಬಗೆಯ ಲ್ಯಾಪ್‌ಟಾಪುಗಳನ್ನು ನಮ್ಮ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ವಿದ್ಯಾರ್ಥಿಗಳು ಕೊಳ್ಳುವುದು ಹೆಚ್ಚು. ಅದರಲ್ಲಿ ಎರಡು ಸ್ಲಾಟ್ ಇವೆ. ಎಂಟನೇ ಪೀಳಿಗೆಯ ಐ5-8250ಯು ಪ್ರೊಸೆಸರ್ ಇದ್ದರೆ ವಿಂಡೋಸ್ 11 ಕೂಡ ಅಧಿಕೃತವಾಗಿ ಹಾಕಬಹುದು. ಆ ಪ್ರೊಸೆಸರ್ ಒಪ್ಪುವ ಗರಿಷ್ಠ ವೇಗ ಡಿಡಿಆರ್4-2400. ಒಳಗೆ 8 ಜಿಬಿಯ ಒಂದು ಸ್ಟಿಕ್ ಇದೆ ಎನ್ನೋಣ. ಅದನ್ನು ತೆಗೆಸಿ, 3200 ವೇಗದ 16 ಜಿಬಿಯ ಒಂದು ಸ್ಟಿಕ್ ಹಾಕಿಸಿದರೆ ಅದು 2400ಕ್ಕೇ ಇಳಿದು ಓಡುತ್ತದೆ. ಸಾಗಣೆ ಸೆಕೆಂಡಿಗೆ 19.2 ಜಿಬಿ. ಹಳೆಯದನ್ನು ಅಲ್ಲೇ ಬಿಟ್ಟು 8 ಜಿಬಿಯ ಇನ್ನೊಂದು ಸ್ಟಿಕ್ ಸೇರಿಸಿದರೆ ಜಾಗ ಅಷ್ಟೇ 16 ಜಿಬಿ, ಸಾಗಣೆ 38.4 ಜಿಬಿ. ಖರ್ಚು ಅರ್ಧದ ಆಸುಪಾಸು. ಅಗ್ಗದ ಆಯ್ಕೆಯೇ ಇಲ್ಲಿ ವೇಗದ್ದೂ ಹೌದು.

ವೇಗ ಬೇರೆಬೇರೆಯಾದ ಎರಡು ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ಲೆಕ್ಕಕ್ಕೆ ಇಳಿಯುತ್ತವೆ, ತೊಂದರೆ ಇಲ್ಲ. ಬೋರ್ಡಿಗೆ ಬೆಸೆದ 4 ಜಿಬಿಗೆ 8 ಜಿಬಿ ಸೇರಿಸಿದರೂ ನಡೆಯುತ್ತದೆ: ನಾಲ್ಕಕ್ಕೆ ನಾಲ್ಕು ಜೋಡಿಯಾಗಿ ಎರಡು ಚಾನೆಲ್‌ನಲ್ಲಿ, ಉಳಿದ ನಾಲ್ಕು ಒಂದರಲ್ಲಿ. ಆದರೆ ಪೀಳಿಗೆ ಬೆರೆಸಲು ಬರುವುದಿಲ್ಲ. ಡಿಡಿಆರ್3, 4, 5ರ ಅಂಚಿನ ಕಚ್ಚು ಬೇರೆಬೇರೆ ಕಡೆ ಇರುವುದು ತಪ್ಪಿ ಹಾಕದಿರಲೆಂದೇ. ಅವುಗಳ ವೋಲ್ಟೇಜೂ ಬೇರೆ, 1.5, 1.2, 1.1.

ಎಲ್ಲ ಲ್ಯಾಪ್‌ಟಾಪ್‌ಗಳೂ ಈ ಅವಕಾಶ ಕೊಡುವುದಿಲ್ಲ. ಟಿ480 ಬಂದ ವರ್ಷವೇ ಅದೇ ಕಂಪನಿಯಿಂದ ಬಂದ ತೆಳ್ಳನೆಯ ಎಕ್ಸ್1 ಕಾರ್ಬನ್‌ನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದುಕೊಂಡಿತ್ತು. ಆ್ಯಪಲ್‌ನ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಿ ಅದು ಪ್ರೊಸೆಸರಿನ ಪೊಟ್ಟಣದೊಳಗೇ ಇದೆ. ಬೆಸುಗೆಯಿಂದ ವೇಗ ಹೆಚ್ಚು, ವಿದ್ಯುತ್ ಕಡಿಮೆ, ನಿಜ. ಆದರೆ ಕೊಳ್ಳುವ ದಿನ ಎಷ್ಟಿತ್ತೋ ಯಂತ್ರ ಸಾಯುವ ತನಕ ಅಷ್ಟೇ. ಆ್ಯಪಲ್ 2024ರ ಅಕ್ಟೋಬರಿನಲ್ಲಿ ತನ್ನ ಮ್ಯಾಕ್‌ಗಳ ಆರಂಭಿಕ ರ‍್ಯಾಮ್ ಅನ್ನು 8ರಿಂದ 16 ಜಿಬಿಗೆ ಏರಿಸಿದ್ದು ಕಾಲ ಎತ್ತ ಸಾಗುತ್ತಿದೆ ಎಂಬುದನ್ನು ತೋರಿಸುತ್ತದೆ. ಮಕ್ಕಳ ಕಾಲೇಜಿಗೆಂದು ಇಂಥ ಲ್ಯಾಪ್‌ಟಾಪ್ ಕೊಳ್ಳುವ ತಂದೆತಾಯಿ 8 ಜಿಬಿಗೆ ತೃಪ್ತರಾಗದಿರುವುದು ಒಳಿತು. ಆಮೇಲೆ ತಿದ್ದಿಕೊಳ್ಳಲು ದಾರಿಯಿಲ್ಲ.

ಡೆಸ್ಕ್‌ಟಾಪ್ ಇರುವವರಿಗೆ ಒಂದು ಕಾಸೂ ಖರ್ಚಿಲ್ಲದ ಸಾಧ್ಯತೆ ಇದೆ. ಪೆಟ್ಟಿಗೆಯ ಮೇಲೆ 3600 ಎಂದಿರುವ ಡಿಡಿಆರ್4 ಸ್ಟಿಕ್ಕನ್ನು ಹಾಕಿದ ಮಾತ್ರಕ್ಕೆ ಅದು ಆ ವೇಗದಲ್ಲಿ ಓಡುವುದಿಲ್ಲ. ಮದರ್‌ಬೋರ್ಡ್ ಅದನ್ನು ಸುರಕ್ಷಿತವಾದ 2133ರಲ್ಲೋ 2666ರಲ್ಲೋ ಎಬ್ಬಿಸುತ್ತದೆ. ಬಯಾಸ್ ಒಳಗೆ ಹೋಗಿ ಎಕ್ಸ್‌ಎಂಪಿ, ಎಎಂಡಿಯ ಡಿಡಿಆರ್5 ಯಂತ್ರಗಳಲ್ಲಾದರೆ ಎಕ್ಸ್‌ಪೊ, ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಹೆಚ್ಚಿನ ವೇಗಕ್ಕೆ ದುಡ್ಡು ಕೊಟ್ಟು ವರ್ಷಗಟ್ಟಲೆ ಅದನ್ನು ಬಳಸದೇ ಇರುವವರಿದ್ದಾರೆ.

ವೇಗಕ್ಕೇ ಹಣ ಕೊಡಬೇಕಾದ ಸಂದರ್ಭಗಳೂ ಇವೆ, ಅವನ್ನು ಅಲ್ಲಗಳೆಯುವುದು ಸರಿಯಲ್ಲ. ರೈಜನ್ ಪ್ರೊಸೆಸರುಗಳ ಒಳಗಿನ ಮೆಮೊರಿ ನಿಯಂತ್ರಕದ ಗಡಿಯಾರಕ್ಕೂ ರ‍್ಯಾಮ್‌ನ ಗಡಿಯಾರಕ್ಕೂ ನಂಟಿರುವುದರಿಂದ ರೈಜನ್ 7000 ಸರಣಿಗೆ ಡಿಡಿಆರ್5-6000 ಹದವಾದ ಆಯ್ಕೆ ಎಂದು ಎಎಂಡಿಯೇ ಹೇಳಿತು. 6000ದಲ್ಲಿ ಸಿಎಲ್ 30 ಇರುವ ಸ್ಟಿಕ್ಕಿನ ಕಾಯುವ ಹೊತ್ತು 10 ನ್ಯಾನೊಸೆಕೆಂಡ್. ಅದಕ್ಕಿಂತ ದೊಡ್ಡ ಸಂಖ್ಯೆ, ಸಡಿಲ ಸಿಎಲ್ ಇರುವ ಸ್ಟಿಕ್ಕಿಗಿಂತ ಇದು ಎಷ್ಟೋ ಕೆಲಸಗಳಲ್ಲಿ ಮೇಲು. ಗೇಮ್‌ಗಳಲ್ಲಿ, ಕಡತಗಳನ್ನು ಒತ್ತಿ ಚಿಕ್ಕದು ಮಾಡುವ 7-ಜಿಪ್‌ನಂಥ ತಂತ್ರಾಂಶಗಳಲ್ಲಿ ಈ ವ್ಯತ್ಯಾಸ ಅಳತೆಗೆ ಸಿಗುತ್ತದೆ. ಆದರೆ 4ಕೆ ಪರದೆಯಲ್ಲಿ ಆಡುವಾಗ ಹೊರೆಯೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುವುದರಿಂದ ಆ ಲಾಭವೂ ಕರಗುತ್ತದೆ.

ಸಾಗಣೆಯ ವೇಗ ನಿಜವಾಗಿ ನಿರ್ಣಾಯಕವಾಗುವ ಹೊಸ ಕೆಲಸವೊಂದು ಈಚೆಗೆ ಬಂದಿದೆ: ಎಐ ಭಾಷಾ ಮಾದರಿಗಳನ್ನು ಸ್ವಂತ ಕಂಪ್ಯೂಟರಿನಲ್ಲೇ ಓಡಿಸುವುದು. 700 ಕೋಟಿ ಪ್ಯಾರಾಮೀಟರುಗಳ ಮಾದರಿಯನ್ನು ನಾಲ್ಕು ಬಿಟ್‌ಗೆ ಕುಗ್ಗಿಸಿದರೆ ಅದು ಸುಮಾರು 4 ಜಿಬಿ ಜಾಗ ಹಿಡಿಯುತ್ತದೆ. ಉತ್ತರದ ಒಂದೊಂದು ಟೋಕನ್, ಎಂದರೆ ಪದದ ಚೂರು, ಹುಟ್ಟಿಸಲೂ ಆ 4 ಜಿಬಿಯನ್ನು ಪೂರ್ತಿ ಒಮ್ಮೆ ಓದಬೇಕು. ಆದ್ದರಿಂದ ಟಿ480ಯಲ್ಲಿ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ ಐದು ಟೋಕನ್ ದಾಟುವಂತಿಲ್ಲ, ಎರಡಿದ್ದರೆ ಹತ್ತರ ಹತ್ತಿರ. ಸೆಕೆಂಡಿಗೆ 400 ಜಿಬಿ ಸಾಗಿಸುವ ಆ್ಯಪಲ್ ಎಂ1 ಮ್ಯಾಕ್ಸ್‌ನಲ್ಲಿ ಲೆಕ್ಕದ ಮಿತಿ ನೂರು. ಕನ್ನಡದಲ್ಲಿ ಪ್ರಯೋಗ ಮಾಡುವವರಿಗೆ ಇನ್ನೊಂದು ಹೊರೆ. ಇಂಗ್ಲಿಷನ್ನೇ ಮುಂದಿಟ್ಟುಕೊಂಡು ಸಿದ್ಧಪಡಿಸಿದ ಹಲವು ಮಾದರಿಗಳು ಕನ್ನಡದ ಒಂದು ಪದವನ್ನು ಇಂಗ್ಲಿಷ್ ಪದಕ್ಕಿಂತ ಹೆಚ್ಚು ಚೂರುಗಳಾಗಿ ಒಡೆಯುತ್ತವೆ. ಅದೇ ಯಂತ್ರ, ಅದೇ ರ‍್ಯಾಮ್, ಕನ್ನಡದ ವಾಕ್ಯ ಮಾತ್ರ ನಿಧಾನವಾಗಿ ಮೂಡುತ್ತದೆ. ಈ ದಿಕ್ಕಿನಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ವೇಗದ ರ‍್ಯಾಮ್‌ಗೆ ಹಣ ಹಾಕಿದರೆ ಅದು ವ್ಯರ್ಥವಲ್ಲ.

ಫೋನ್ ಅಂಗಡಿಯ ‘8 ಜಿಬಿ + 8 ಜಿಬಿ’ ಜಾಹೀರಾತಿನ ಬಗ್ಗೆಯೂ ಒಂದು ಮಾತು. ಎರಡನೆಯ 8 ಜಿಬಿ ರ‍್ಯಾಮ್ ಅಲ್ಲ, ಫೋಟೊ ವಿಡಿಯೊ ಇಡುವ ಸ್ಟೋರೇಜ್‌ನಿಂದ ಕಡ ತಂದ ಜಾಗ. ಬಳಸದೇ ಬಿಟ್ಟ ಆ್ಯಪ್‌ಗಳನ್ನು ಎತ್ತಿಡಲು ಅದು ಆಗುತ್ತದೆ. ಆದರೆ ಅದರ ಕಾಯುವ ಹೊತ್ತು ನ್ಯಾನೊಸೆಕೆಂಡುಗಳಲ್ಲಿ ಅಲ್ಲ, ಮೈಕ್ರೊಸೆಕೆಂಡುಗಳಲ್ಲಿದೆ. ಫೋನನ್ನು 16 ಜಿಬಿಯದೆಂದು ಲೆಕ್ಕ ಹಾಕಿ ಬೆಲೆ ಕೊಡಬಾರದು.

ಇನ್ನು ಬೆಲೆ. ಜಗತ್ತಿನ ರ‍್ಯಾಮ್‌ನ ಬಹುಪಾಲು ಮೂರು ಕಂಪನಿಗಳ ಕೈಯಲ್ಲಿದೆ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಎಚ್‌ಬಿಎಂ ಎಂಬ ದುಬಾರಿ ಮೆಮೊರಿಯ ಕಡೆಗೆ ಈ ಕಾರ್ಖಾನೆಗಳು ತಿರುಗಿದಂತೆ ಸಾಮಾನ್ಯ ಸ್ಟಿಕ್ಕುಗಳ ಪೂರೈಕೆ ಬಿಗಿಯಾಯಿತು, 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ತೀವ್ರವಾಗಿ ಏರಿತು. ಹಳೆಯದೆಂದು ಅಗ್ಗವಾಗಿರಬೇಕಿದ್ದ ಡಿಡಿಆರ್4 ಕೂಡ ಏರಿತು. ಅದರ ತಯಾರಿಕೆಯನ್ನೇ ಕಂಪನಿಗಳು ಕಡಿಮೆ ಮಾಡುತ್ತಿದ್ದವು. ಆ ಡಿಸೆಂಬರಿನಲ್ಲಿ ಮೈಕ್ರಾನ್, ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನು 2026ರ ಫೆಬ್ರುವರಿಯ ಹೊತ್ತಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಮನೆಬಳಕೆದಾರರು ಸಾಲಿನ ಹಿಂದಕ್ಕೆ ಸರಿದಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಇಂಥ ಕಾಲದಲ್ಲಿ ತೀರ್ಮಾನ ಕಠಿಣವಾಗಿಯೇ ಇರಬೇಕು. 4 ಜಿಬಿಯಲ್ಲಿ ವಿಂಡೋಸ್ 11 ಓಡಿಸುತ್ತಿರುವವರು, ಮೈಕ್ರೊಸಾಫ್ಟ್ ಅದನ್ನೇ ಕನಿಷ್ಠ ಎಂದಿದ್ದರೂ, ರ‍್ಯಾಮ್ ಹೆಚ್ಚಿಸುವುದೇ ಸರಿ. 8 ಜಿಬಿಯ ಒಂದೇ ಸ್ಟಿಕ್ ಇರುವವರು ಎರಡನೆಯದನ್ನು ಸೇರಿಸಬಹುದು, ಟಾಸ್ಕ್ ಮ್ಯಾನೇಜರ್ ಕೊರತೆ ತೋರಿಸುತ್ತಿದ್ದರೆ. 16 ಜಿಬಿ ಇದ್ದು ಅದು ತುಂಬದವರು 2666 ತೆಗೆದು 3200 ಹಾಕಿಸುವ ಯೋಚನೆಯನ್ನು ಕೈಬಿಡಲಿ. ಡಿಡಿಆರ್5ರ ಆಸೆಗೆ ಚೆನ್ನಾಗಿ ಓಡುತ್ತಿರುವ ಡಿಡಿಆರ್4 ಡೆಸ್ಕ್‌ಟಾಪನ್ನು ಕಳಚುವುದೂ ಬೇಡ. ಸ್ಟಿಕ್ ಜೊತೆಗೆ ಮದರ್‌ಬೋರ್ಡು ಹೊಸದಾಗಬೇಕು, ಹೆಚ್ಚಿನ ಸಲ ಪ್ರೊಸೆಸರೂ. ಏಳನೇ ಪೀಳಿಗೆ ಅಥವಾ ಅದಕ್ಕೂ ಹಿಂದಿನ ಇಂಟೆಲ್ ಯಂತ್ರ ಇರುವವರು ಮಾತ್ರ ಬೇರೆ ಲೆಕ್ಕ ಹಾಕಬೇಕು. ಕೆಲವನ್ನು ಬಿಟ್ಟರೆ ಅಂಥ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಪ್ರವೇಶವಿಲ್ಲ. ಲಿನಕ್ಸ್ ಹಾಕಿ ಮುಂದುವರಿಸುವ ಮನಸ್ಸಿದ್ದರೆ ರ‍್ಯಾಮ್‌ಗೆ ಖರ್ಚು ಮಾಡಲಿ, ಇಲ್ಲದಿದ್ದರೆ ಆ ಹಣ ಹೊಸ ಯಂತ್ರಕ್ಕೆ ಉಳಿಯಲಿ.

ಖರ್ಚು ಇಳಿಸಲು ಬಳಸಿದ ಸ್ಟಿಕ್ ಕೊಳ್ಳುವುದರಲ್ಲಿ ಹೆದರುವಂಥದ್ದೇನೂ ಇಲ್ಲ. ರ‍್ಯಾಮ್‌ನಲ್ಲಿ ತಿರುಗುವ ಭಾಗವಿಲ್ಲ, ಎಸ್‌ಎಸ್‌ಡಿಯಂತೆ ಬರೆದಷ್ಟೂ ಸವೆಯುವುದೂ ಇಲ್ಲ. ಹಾಕಿದ ಮೇಲೆ ಕಂಪ್ಯೂಟರ್ ಏಳದೆ ಬೀಪ್ ಎಂದರೆ ತುದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ ನೋಡುವುದು ನಮ್ಮ ರಿಪೇರಿಯವರ ಹಳೆಯ ಮದ್ದು. ಅದು ಎಷ್ಟೋ ಸಲ ಕೆಲಸ ಮಾಡುತ್ತದೆ. ಮಾರುವವರಿಂದ ಕೆಲವು ದಿನಗಳ ವಾಪಸಾತಿಯ ಮಾತು ತೆಗೆದುಕೊಂಡಿರಿ. ಮನೆಗೆ ತಂದ ದಿನವೇ ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ಪರದೆಯಲ್ಲಿ ಒಂದೇ ಒಂದು ದೋಷ ಕಂಡರೂ ಆ ಸ್ಟಿಕ್ಕನ್ನು ಇಟ್ಟುಕೊಳ್ಳಬೇಡಿ, ಹಿಂದಿರುಗಿಸಿ.